ನಾಲ್ಕಕ್ಕಿಂತ ಮೊದಲೇ ಐದು

2023ರ ಆಗಸ್ಟ್‌ನ ಒಂದು ಮಧ್ಯಾಹ್ನ, ಬೆಳಗಾವಿಯ ಚನ್ನಮ್ಮ ವೃತ್ತದ ಬಳಿಯ ಝೆರಾಕ್ಸ್ ಅಂಗಡಿಯಲ್ಲಿ ಕುಳಿತು ಬೆಂಗಳೂರಿನ ಕಾನೂನು ಸಂಸ್ಥೆಯೊಂದಕ್ಕೆ ಅರ್ಜಿ ತುಂಬುತ್ತಿದ್ದೆ. ಐದು ವರ್ಷದ ಕಾನೂನು ಪದವಿಯ ಪ್ರತಿ ಸೆಮಿಸ್ಟರಿನ ಅಂಕವನ್ನೂ ಫಲಿತಾಂಶದ ತಿಂಗಳನ್ನೂ ಕೇಳುತ್ತಿದ್ದ ಆ ಅರ್ಜಿ ನಾಲ್ಕನೆಯದಕ್ಕೆ ಬಂದು ನಿಂತುಬಿಟ್ಟಿತು. ಅಂಗಡಿಯವರು ಕನ್ನಡಕ ಏರಿಸಿ, “ತಂಗೀ, ನಾಕ್ ಪಾಸಾಗೂಕಿಂತ ಮೊದಲ ಐದು ಹೆಂಗ ಪಾಸಾದಿ?” ಎಂದರು.

2020ರ ಲಾಕ್‌ಡೌನಿನಲ್ಲಿ ನಮ್ಮ ನಾಲ್ಕನೆಯ ಸೆಮಿಸ್ಟರಿನ ಪರೀಕ್ಷೆ ನಡೆಯುತ್ತದೆಂದು ಒಮ್ಮೆ, ಮುಂದೆ ಹೋಯಿತೆಂದು ಇನ್ನೊಮ್ಮೆ ಸುತ್ತೋಲೆ ಬಂದು, ಕೊನೆಗೆ ಪರೀಕ್ಷೆಯೇ ಇಲ್ಲದೆ ಅರ್ಧ ಅಂಕವನ್ನು ಆಂತರಿಕ ಮೌಲ್ಯಮಾಪನದಿಂದಲೂ ಉಳಿದರ್ಧವನ್ನು ಹಿಂದಿನ ಸೆಮಿಸ್ಟರಿನಿಂದಲೂ ಕೊಟ್ಟರು. ಅಷ್ಟರಲ್ಲಿ ಐದನೆಯದರ ಫಲಿತಾಂಶ ಬಂದಾಗಿತ್ತು. ಜ್ವರದಲ್ಲಿ ಬರೆದ ನನ್ನ ಮೂರನೆಯ ಸೆಮಿಸ್ಟರ್ ಹೀಗೆ ಎರಡು ಸಲ ಲೆಕ್ಕಕ್ಕೆ ಬಂತು; ಪರೀಕ್ಷೆ ತಪ್ಪಿತೆಂದು ಅಂದು ಸಂತೋಷಪಟ್ಟವರಲ್ಲಿ ನಾನೂ ಒಬ್ಬಳು.

“ಯಾವುದಾರ ಒಂದ್ ಹಿಂದಿನ ತಾರೀಖ ಹಾಕ್, ಯಾರ್ ನೋಡ್ತಾರ?” ಎಂದರು ಅಂಗಡಿಯವರು. ವಕೀಲಳಾಗಲು ಹೊರಟವಳ ಮೊದಲ ಅರ್ಜಿಯಲ್ಲೇ ಸುಳ್ಳು ತಾರೀಖು! ಒಪ್ಪಲಾಗದೆ, ಅಂಕಪಟ್ಟಿಯ ಪ್ರತಿಯೊಂದಿಗೆ ಒಂದು ಪುಟದ ವಿವರಣೆಯನ್ನು ಮೇಲ್ ಮಾಡಿದೆ. ಉತ್ತರ ಬರಲಿಲ್ಲ.

ಬ್ಯಾಂಕುಗಳ ಕಾನೂನು ಅಧಿಕಾರಿ ಹುದ್ದೆಗೆ ಅರ್ಜಿ ಹಾಕುವ ಯೋಗ್ಯತೆಯೂ ಅಂದು ನನಗಿರಲಿಲ್ಲ. ಅದಕ್ಕೆ ನಿಗದಿತ ದಿನದೊಳಗೆ ಪದವಿಯಷ್ಟೇ ಅಲ್ಲ, ವಕೀಲರ ಪರಿಷತ್ತಿನ ನೋಂದಣಿಯೂ ಆಗಿರಬೇಕು. ಲಾಕ್‌ಡೌನಿನಲ್ಲಿ ಹಳಿ ತಪ್ಪಿದ ನಮ್ಮ ವೇಳಾಪಟ್ಟಿಯಿಂದಾಗಿ ಹತ್ತನೆಯ ಸೆಮಿಸ್ಟರಿನ ಫಲಿತಾಂಶವೇ ಬಂದಿರಲಿಲ್ಲ. ಗಡಿಯಾಚೆ ಓದಿದ ಗೆಳತಿ ಜುಲೈನಲ್ಲೇ ನೋಂದಾಯಿಸಿಕೊಂಡಿದ್ದಳು.

ನನ್ನ ತಾತ್ಕಾಲಿಕ ನೋಂದಣಿ, ಅಂದರೆ ಅಖಿಲ ಭಾರತ ವಕೀಲರ ಪರೀಕ್ಷೆ ಪಾಸಾಗುವ ಮೊದಲು ಸಿಗುವ ನೋಂದಣಿ, ಆದದ್ದು 2024ರ ಜನವರಿಯಲ್ಲಿ. ಆರು ತಿಂಗಳ ಅಂತರ ದೊಡ್ಡದೆಂದು ಆಗ ಅನಿಸಿರಲಿಲ್ಲ. ಆದರೆ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷದ ವಕೀಲಿಕೆ ಕಡ್ಡಾಯವೆಂದೂ, ಅದನ್ನು ತಾತ್ಕಾಲಿಕ ನೋಂದಣಿಯ ದಿನದಿಂದ ಎಣಿಸಬಹುದೆಂದೂ ಸುಪ್ರೀಂ ಕೋರ್ಟ್ 2025ರ ಮೇ 20ರಂದು ತೀರ್ಪಿತ್ತ ಸಂಜೆ, ನಮ್ಮ ಹಿರಿಯ ವಕೀಲರು ಕಚೇರಿಯ ಕ್ಯಾಲೆಂಡರ್ ತೆಗೆದು, “ನಿಂದು 2027ರ ಜನವರಿಗೆ ತುಂಬ್ತೈತಿ ನೋಡವಾ” ಎಂದರು. ಗೆಳತಿಯದು 2026ರ ಜುಲೈಗೇ ತುಂಬುತ್ತದೆ.