ಬಂಕ್ ನಕ್ಷೆ: 50 ಮೀಟರ್ ಎಲ್ಲಿಂದ?

ನಕ್ಷೆ ಕೆಲಸ ಈ ವಾರ ಒಂದು ಹದಕ್ಕೆ ಬಂತು. ಹೊಸಬರಿಗೆ ಎರಡು ಮಾತು. ದಾವಣಗೆರೆಯ ನಮ್ಮ ಬಡಾವಣೆಯನ್ನು ಟೇಪು ಹಿಡಿದು ಅಳೆದು ಹಾಳೆ ಮೇಲೆ ಬಿಡಿಸೋದು ನನ್ನ ಹವ್ಯಾಸ. ಬೇವಿನ ಮರ, ಬೋರ್‌ವೆಲ್, ಟ್ರಾನ್ಸ್‌ಫಾರ್ಮರ್, ಸಂಜೆ ಮಿರ್ಚಿ ಮಂಡಕ್ಕಿ ಗಾಡಿ ನಿಲ್ಲುವ ಜಾಗ ಎಲ್ಲ ಅದರಲ್ಲಿವೆ. ಇಷ್ಟು ದಿನ ಅದನ್ನು ಕೇಳೋರೇ ಇರಲಿಲ್ಲ. ನಮ್ಮ ಅಪಾರ್ಟ್‌ಮೆಂಟ್ ಎದುರು, ಅಡ್ಡರಸ್ತೆ ಆಚೆಯ ಖಾಲಿ ಸೈಟಿಗೆ ಪೆಟ್ರೋಲ್ ಬಂಕ್ ಬರುತ್ತೆ ಅಂತ ಗೊತ್ತಾದ ಮೇಲೆ ಎಲ್ಲರೂ ನಮ್ಮ ಮನೆ ಬಾಗಿಲು ತಟ್ಟುತ್ತಿದ್ದಾರೆ.

ಜಗಳ ಇರೋದು ಒಂದೇ ಅಂಕಿಯ ಮೇಲೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಜನವರಿಯ ಮಾರ್ಗಸೂಚಿ ಪ್ರಕಾರ ಹೊಸ ಬಂಕ್ ಶಾಲೆ, ಆಸ್ಪತ್ರೆ, ವಸತಿ ಪ್ರದೇಶದಿಂದ 50 ಮೀಟರ್ ದೂರ ಇರಬೇಕು. ಜಾಗ ಸಾಲದಿದ್ದರೆ ಪೆಸೋ (ಪೆಟ್ರೋಲಿಯಂ, ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸಂಸ್ಥೆ) ಹೇಳುವ ಹೆಚ್ಚಿನ ಸುರಕ್ಷತೆ ಮಾಡಿಕೊಂಡು ಹತ್ತಿರ ಬರಬಹುದು. ಆದರೆ 30 ಮೀಟರ್ ಒಳಗೆ ಮಾತ್ರ ಏನು ಮಾಡಿದರೂ ಆಗಲ್ಲ. ಬಂಕಿನವರು "50 ಮೀಟರ್ ಇದೆ" ಅಂತಾರೆ. ನಮ್ಮವರು "12 ಮೀಟರ್ ಅಷ್ಟೇ" ಅಂತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ! ಅವರು ಪಂಪಿನಿಂದ ಎಣಿಸುತ್ತಾರೆ, ನಮ್ಮವರು ಸೈಟಿನ ಬೇಲಿಯಿಂದ. ನಿಯಮ ಹೇಳೋದು ಬೇರೆ. ಟ್ಯಾಂಕ್ ತುಂಬುವ ಬಾಯಿ, ಪಂಪು, ಟ್ಯಾಂಕಿನ ಆವಿ ಹೊರಬಿಡುವ ವೆಂಟ್ ಪೈಪು, ಮೂರರಲ್ಲಿ ಯಾವುದು ಹತ್ತಿರವೋ ಅಲ್ಲಿಂದ ಅಳೀಬೇಕು.

ಹಾಗಾಗಿ ಬಂಕಿನ ಪ್ಲಾನ್ ಬೇಕಾಯಿತು. ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಅರ್ಜಿ ಹಾಕಿದೆವು. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಕೇಳಬೇಕು. ಸಿಟ್ಟು ತೋರಿಸೋಕೆ ಜಾಗ ಇಲ್ಲದ್ದು ಒಳ್ಳೆಯದೇ ಆಯಿತು.

ಬಂದ ಜೆರಾಕ್ಸ್ ಮೇಲೆ ಸ್ಕೇಲ್ 1:200 ಅಂತ ಇತ್ತು. ಆ ಲೆಕ್ಕಕ್ಕೆ 45 ಮೀಟರ್ ಸೈಟು ಹಾಳೆ ಮೇಲೆ 22.5 ಸೆಂ.ಮೀ. ಇರಬೇಕು. ಪಟ್ಟಿ ಇಟ್ಟರೆ 15.9! ಎ3 ಹಾಳೆಯನ್ನು ಎ4ಗೆ ಇಳಿಸಿದರೆ ಎಲ್ಲ ಅಳತೆಯೂ ಸುಮಾರು 0.71ರಷ್ಟಾಗುತ್ತೆ. ಸುಮ್ನೆ ಆ ಜೆರಾಕ್ಸ್ ಮೇಲೆ ಸ್ಕೇಲ್ ಇಟ್ಟವರಿಗೆ ಬಂಕಿನೊಳಗಿನ ದೂರವೆಲ್ಲ ಕಮ್ಮಿಯೇ ಕಾಣುತ್ತೆ. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಓಡಾಡಿದ ಭಯಂಕರ ಅಂಕಿಗಳು ಹುಟ್ಟಿದ್ದು ಅಲ್ಲೇ.

ಹೊಸ ಡ್ರಾಯಿಂಗ್ ಶೀಟ್ ತೆಗೆದುಕೊಂಡು ಎಲ್ಲ ಮತ್ತೆ 1:200ಕ್ಕೇ ಬಿಡಿಸಿದೆ. ಸೈಟಿನ ಮೂಲೆಕಲ್ಲುಗಳನ್ನು ನಮ್ಮ ಕಾಂಪೌಂಡಿನ ಎರಡು ಮೂಲೆಯಿಂದ ಅಳೆದೆವು. ಹಾಳೆ ಮೇಲೆ ಆ ಎರಡು ಮೂಲೆಯಿಂದ ಕಮಾನು ಎಳೆದರೆ ಅವು ಕೂಡುವ ಚುಕ್ಕಿಯೇ ಕಲ್ಲು. ಟೇಪಿನ ಆಚೆ ತುದಿ ಹಿಡಿದದ್ದು ಪಕ್ಕದ ಫ್ಲ್ಯಾಟಿನ ಹುಡುಗ, ಜಾಲಿಮುಳ್ಳು ಚುಚ್ಚಿಸಿಕೊಂಡು. 50 ಮೀಟರ್ ವೃತ್ತಕ್ಕೆ 25 ಸೆಂ.ಮೀ. ಬೇಕು, ನನ್ನ ಕೈವಾರ ಅಷ್ಟು ತೆರೆಯಲ್ಲ. ಮದುವೆ ಕಾರ್ಡಿನಿಂದ ಉದ್ದ ಪಟ್ಟಿ ಕತ್ತರಿಸಿ, ಒಂದು ತುದಿಗೆ ಗುಂಡುಸೂಜಿ ಚುಚ್ಚಿ, 15 ಮತ್ತು 25ಕ್ಕೆ ಪೆನ್ಸಿಲ್ ತೂರುವಷ್ಟು ತೂತು ಮಾಡಿದೆ. ಚೆನ್ನಾಗಿ ತಿರುಗುತ್ತೆ.

ನಮ್ಮ ಕಾಂಪೌಂಡಿಗೆ ಪಂಪು 52 ಮೀಟರ್. ಟ್ಯಾಂಕ್ ಬಾಯಿ 41. ವೆಂಟ್ ಪೈಪು 34. ದೂಡಾ (ನಗರಾಭಿವೃದ್ಧಿ ಪ್ರಾಧಿಕಾರ) ಮಾಸ್ಟರ್ ಪ್ಲಾನಿನಲ್ಲಿ ನಮ್ಮ ಕಟ್ಟಡದ ಜಾಗ ಹಳದಿ, ಅಂದ್ರೆ ವಸತಿ. ಸಂಘದ ಕಾರ್ಯದರ್ಶಿಗಳು ಹಾಳೆ ಮೇಲೆ ಬಾಗಿ ನೋಡಿದರು. ವೆಂಟ್ ಪೈಪಿನಿಂದ ಎಳೆದ 30ರ ವೃತ್ತ ಅಡ್ಡರಸ್ತೆಯಲ್ಲೇ ನಿಂತಿತ್ತು. "ಸ್ವಲ್ಪ ಈ ಕಡೆ ಎಳೀರಿ ಸರ್, ಒಂದು ಬೆರಳಷ್ಟು" ಅಂದರು. ಆ ಬೆರಳು ಅಂದ್ರೆ 4 ಮೀಟರ್. ಆಗಲ್ಲ ಅಂದೆ. ಈಗ ಮಾತು ಸ್ವಲ್ಪ ಕಡಿಮೆ.

ವೆಂಟ್ ಪೈಪಿಗೆ ನಾನು ಅಂಟಿಕೊಂಡಿರೋದಕ್ಕೆ ಕಾರಣ ಇದೆ. ಟ್ಯಾಂಕರಿನಿಂದ ನೆಲದೊಳಗಿನ ಟ್ಯಾಂಕಿಗೆ ಪೆಟ್ರೋಲ್ ಇಳಿಸುವಾಗ ಅಲ್ಲಿದ್ದ ಆವಿ ಎಲ್ಲಾದರೂ ಹೋಗಬೇಕಲ್ವಾ? ಆವಿಯನ್ನು ವಾಪಸ್ ಟ್ಯಾಂಕರಿಗೇ ಕಳಿಸುವ ವ್ಯವಸ್ಥೆ ಇಲ್ಲದಿದ್ದರೆ ಆ ಪೈಪಿನಿಂದಲೇ ಹೊರಗೆ. ಬಿಎಸ್-6 ಪೆಟ್ರೋಲಿನಲ್ಲೂ ಶೇ 1ರವರೆಗೆ ಬೆಂಜೀನ್ ಇರಬಹುದು, ಅದು ಕ್ಯಾನ್ಸರ್ ತರುವಂಥದ್ದು. 50ರ ವೃತ್ತ ನಮ್ಮ ಕಾಂಪೌಂಡಿನೊಳಗೆ 16 ಮೀಟರ್ ನುಗ್ಗುತ್ತೆ. ಮಕ್ಕಳ ಜಾರುಬಂಡೆ ಪೂರ್ತಿ ಅದರೊಳಗೆ.

ಆದರೆ ಸೈಟಿನಲ್ಲಿ ಆಚೆ ಕಡೆ ಜಾಗ ಇದೆ. ಪೈಪನ್ನು 16 ಮೀಟರ್, ಬಾಯಿಯನ್ನು 9 ಮೀಟರ್ ಸರಿಸಿದರೆ ಮೂರಕ್ಕೂ ಕನಿಷ್ಠ 50 ಸಿಗುತ್ತೆ. ಅದನ್ನು ಹಸಿರು ಪೆನ್ಸಿಲ್‌ನಲ್ಲಿ ತೋರಿಸಿದ್ದೇನೆ. ಅರ್ಧ ಜನಕ್ಕೆ ಇದು ರುಚಿಸಿಲ್ಲ, ಬಂಕೇ ಬೇಡ ಅಂತಾರೆ. ಮೂರನೇ ಮಹಡಿಯ ಅಜ್ಜ ಮಾತ್ರ ನೇರ ಮನುಷ್ಯ. "ಬಂಕ್ ಬೇಡ ಅಂತಲ್ಲ ತಮ್ಮಾ, ನನ್ನ ಕಿಟಕಿಗೆ ಬೇಡ" ಅಂದು ಮೊದಲ ಸಹಿ ಹಾಕಿದರು.

ಮುಂದಿನ ಕೆಲಸ: ಶಾಯಿ ಹಾಕೋದು, ಅಳತೆಯ ಪಟ್ಟಿ ಬರೆಯೋದು, ಬಂಕಿಗೆ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ಕೊಡುವ ಮೊದಲೇ ಜಿಲ್ಲಾಧಿಕಾರಿ ಕಚೇರಿಗೆ ತಕರಾರಿನ ಜೊತೆ ಸಲ್ಲಿಸೋದು. ಬಂಕ್ ಕಡೆಯ ಎಂಜಿನಿಯರ್ ಕೂಡ ಒಂದು ಪ್ರತಿ ಕೇಳಿದ್ದಾರೆ. ಅವರಿಗೆ ಎ4ಗೆ ಇಳಿಸದೆ ಕೊಡ್ತೇನೆ.