ಚಳಿಗಾಲಕ್ಕೆ ಮಧುಗಿರಿಯಲ್ಲಿ ರೂಮು ಮಾಡಿ ಬಂಡೆ ಹತ್ತಲು ಕಲಿಯುವವರಿಗೆ

ಮೊದಲು ರೂಮಿನ ವಿಷಯ, ಮೋಸ ಆಗುವುದು ಅಲ್ಲೇ. ಬೆಟ್ಟದ ಬುಡದಲ್ಲೇ ಇದೆ, ಬಿಸಿನೀರು ಉಂಟು ಅಂತ ರೂಮಿನವರು ಫೋನಿನಲ್ಲಿ ಹೇಳಿ ನನ್ನಿಂದ ತಿಂಗಳಿಗೆ 12,000 ರೂಪಾಯಿ ಮುಂಚೆಯೇ ಹಾಕಿಸಿಕೊಂಡರು. ಹೋಗಿ ನೋಡಿದರೆ ಬೆಟ್ಟ ಕಿಟಕಿಯಲ್ಲಿ ಕಾಣುತ್ತದೆ ಅಷ್ಟೆ. ಬಿಸಿನೀರಿಗೆ ಬಕೆಟ್‌ಗೆ 30 ರೂಪಾಯಿ ಬೇರೆ. ಶನಿವಾರ ಭಾನುವಾರ ಬೇರೆ ಗಿರಾಕಿ ಬಂದರೆ ನಾವು ರೂಮು ಬಿಟ್ಟುಕೊಟ್ಟು ಹಾಲ್‌ನಲ್ಲಿ ಮಲಗಬೇಕಂತೆ! ಜಗಳ ಮಾಡಿದ ಮೇಲೆ ಅರ್ಧ ದುಡ್ಡು ವಾಪಸ್ ಬಂತು. ನೀವು ಫೋನಿನಲ್ಲಿ ಏನನ್ನೂ ಒಪ್ಪಿಕೊಳ್ಳಬೇಡಿ. ಒಂದು ರಾತ್ರಿ ಲಾಡ್ಜ್‌ನಲ್ಲಿದ್ದು, ಊರೊಳಗೆ ಓಡಾಡಿ ವಿಚಾರಿಸಿ. ಓದುವ ಮಕ್ಕಳಿಗೆ ಬಾಡಿಗೆ ಕೊಡುವ ಮನೆಗಳಿವೆ. ನನಗೆ 3,500ಕ್ಕೆ ಸಿಕ್ಕಿತು, ಮನೆಯ ಅಜ್ಜಿ ಹಂಡೆಯ ಬಿಸಿನೀರನ್ನು ಸುಮ್ನೆ ಕೊಡುತ್ತಿದ್ದರು.

ನಾನು ಕೋಲಾರದಿಂದ ಚಿಕ್ಕಬಳ್ಳಾಪುರ, ಗೌರಿಬಿದನೂರು ದಾರಿಯಲ್ಲಿ ಬಂದೆ. ಕೊನೆಯ ಬಸ್ಸಿನಲ್ಲಿ ಕಂಡಕ್ಟರ್ ನನ್ನ ಹಗ್ಗದ ಬ್ಯಾಗನ್ನು ಯಾರೋ ತಂದಿದ್ದ ಟ್ರ್ಯಾಕ್ಟರ್ ಬ್ಯಾಟರಿ ಪಕ್ಕಕ್ಕೆ ತಳ್ಳಿದರು. ತೆಗೆದು ತೊಡೆ ಮೇಲೆ ಇಟ್ಟುಕೊಂಡರೆ ಬೈಗುಳ. ಬೈಸಿಕೊಳ್ಳಿ, ಪರವಾಗಿಲ್ಲ. ಹಗ್ಗ ನೈಲಾನಿನದು, ಬ್ಯಾಟರಿಯ ಆಸಿಡ್ ತಾಗಿದರೆ ಹೊರಗೆ ಗುರುತು ಕಾಣದೆಯೂ ಹಾಳಾಗಿರಬಹುದು. ನಮ್ಮ ಜೀವ ಅದರಲ್ಲೇ ಅಲ್ವಾ ನೇತಾಡುವುದು.

ಮಧುಗಿರಿ ಬೆಟ್ಟ ಒಂದೇ ಬಂಡೆ, ಸಮುದ್ರ ಮಟ್ಟದಿಂದ 3,930 ಅಡಿ. ಅಲ್ಲಿ ಕೋಟೆ ನೋಡಿ, ಹಗ್ಗ ಕಟ್ಟುವುದು ಬೇಡ. ಸುತ್ತಲಿನ ಸಣ್ಣ ಬಂಡೆಗಳಲ್ಲಿ, ಜಮೀನಿನವರನ್ನು ಕೇಳಿಕೊಂಡು ಕಲಿಯಿರಿ. ನಮ್ಮ ಕೋಲಾರದ ಅಂತರಗಂಗೆ ಬೆಟ್ಟದ ಗುಂಡುಕಲ್ಲುಗಳಲ್ಲಿ ಕೈಗೆ ಏನಾದರೂ ಸಿಗುತ್ತದೆ, ಇಲ್ಲಿನ ಇಳಿಜಾರು ಬಂಡೆಯಲ್ಲಿ ಕಾಲನ್ನೇ ನಂಬಬೇಕು. ಹಿಮ್ಮಡಿ ತಗ್ಗಿಸಿ, ಶೂ ರಬ್ಬರನ್ನು ಪೂರ್ತಿ ಒತ್ತಿ. ಹೆದರಿ ಬಂಡೆಗೆ ಅಂಟಿಕೊಂಡಷ್ಟೂ ಜಾರುತ್ತದೆ. ಬಂಡೆ ತಣ್ಣಗಿದ್ದರೆ ರಬ್ಬರ್ ಚೆನ್ನಾಗಿ ಕಚ್ಚುತ್ತದೆ, ಅದಕ್ಕೇ ಚಳಿಗಾಲ. ಆದರೆ ಇಬ್ಬನಿ ಆರುವವರೆಗೆ ಮುಟ್ಟಬೇಡಿ. ಹೆಜ್ಜೇನು ಕಟ್ಟಿದ ಕಡೆಯಿಂದ ದೂರ ಇರಿ, ಹೊಗೆ ಹಾಕಬೇಡಿ. ಹಗ್ಗ ಹಿಡಿಯಲು ಬಲ್ಲವರು ಜೊತೆಗೆ ಇಲ್ಲದಿದ್ದರೆ ಬರಲೇಬೇಡಿ, ನಾನು ನುರಿತ ಗೆಳತಿಯ ಜೊತೆ ಬಂದಿದ್ದೆ. ಭಾನುವಾರ ಕೋಟೆ ಕಡೆ ಜನ ಜಾಸ್ತಿ, ನನಗಂತೂ ಆ ಗಲಾಟೆ ಆಗುವುದಿಲ್ಲ.

ಊಟಕ್ಕೆ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಬೋರ್ಡೇ ಇಲ್ಲದ ಒಂದು ಮನೆ ಹೋಟೆಲ್ ಇದೆ. ಅವರೆಕಾಯಿ ಕಾಲ ಬಂತೆಂದರೆ ಹಿತಕಿದಬೇಳೆ ಸಾರು, ಬಿಸಿ ಮುದ್ದೆ, ಮೇಲೆ ಅನ್ನ ಮಜ್ಜಿಗೆ, ಎಲ್ಲ ಸೇರಿ 60 ರೂಪಾಯಿ. ಸೊಗಡಿನ ಅವರೆಯ ಘಮ ಗಲ್ಲಿಯ ತುದಿಗೇ ಬರುತ್ತದೆ. ಬಡಿಸುವ ಅಕ್ಕ ತಟ್ಟೆ ನೋಡಿಯೇ ಇನ್ನೊಂದು ಸೌಟು ಹಾಕುತ್ತಾರೆ. ಬೆಳಿಗ್ಗೆಯೆಲ್ಲ ಹತ್ತಿ ಇಳಿದವರಿಗೆ ಇದಕ್ಕಿಂತ ಒಳ್ಳೆಯ ಊಟ ನಾನು ಕಾಣೆ. ಒಂದೂವರೆಯೊಳಗೆ ಹೋಗಿ, ಆಮೇಲೆ ಸಾರು ಖಾಲಿ.