ಬ್ಯಾಂಕಾಕ್ ಬಿಸಿಲು ನಮ್ಮ ಮುಂದ ಏನೂ ಅಲ್ಲ, ಹೌದಿಲ್ರಿ ಸರ?

ಅಲ್ರಿ. ಬ್ಯಾಂಕಾಕ್ ನನ್ನನ್ನು ಹಿಂಡಿ ಹಾಕಿತು. ಕಲಬುರಗಿಯ ಮೇ ತಿಂಗಳಿಗೂ ಬಗ್ಗದ ಮನುಷ್ಯ ನಾನು, ಅಲ್ಲಿ ಬೆಳಿಗ್ಗೆ ಹತ್ತಕ್ಕೇ ಅಂಗಿ ತೋಯಿಸಿಕೊಂಡು ಗೋಡೆಗೆ ಆತು ನಿಂತಿದ್ದೆ. ಉತ್ತರ ಇಷ್ಟೇ. ಗಡಿಬಿಡಿಯಲ್ಲಿರುವವರು ಇಲ್ಲಿಗೇ ಓದುವುದು ಬಿಡಬಹುದು.

ಈ ಮಾತನ್ನು ನನಗೆ ಹಾಲಿನವರು ಕೇಳಿದ್ದಾರೆ, ಬ್ಯಾಂಕಿನ ಕ್ಯಾಷಿಯರ್ ಕೇಳಿದ್ದಾರೆ, ಸ್ಟಾಫ್‌ರೂಮಿನಲ್ಲಿ ಸರದಿ ಪ್ರಕಾರ ಎಲ್ಲರೂ ಕೇಳಿದ್ದಾರೆ. ಹಲ್ಲಿನ ಡಾಕ್ಟರಂತೂ ನನ್ನ ಬಾಯೊಳಗೆ ಕೈ ಇಟ್ಟುಕೊಂಡೇ ಕೇಳಿದರು. ಧಾಟಿ ಮಾತ್ರ ಎಲ್ಲರದೂ ಒಂದೇ. ‘ಹ್ಯಾಂಗಿತ್ತು?’ ಅಂತ ಒಬ್ಬರೂ ಕೇಳುವುದಿಲ್ಲ. ‘ನಮ್ಮ ಮುಂದ ಏನೂ ಅಲ್ಲ, ಹೌದಿಲ್ರಿ?’ ಅಂತಾರೆ. ಸಹಿಗೆಂದು ಮುಂದೆ ಚಾಚಿದ ಸರ್ಟಿಫಿಕೇಟು ಇದು. ಪ್ರಶ್ನೆ ಅನ್ನುವುದು ಹೆಸರಿಗೆ. ನಾನು ಸಾಲ ಮಾಡಿ ಪರದೇಶಕ್ಕೆ ಹೋಗಿ ಬಂದದ್ದೇ ಊರ ಬಿಸಿಲಿನ ಪರವಾಗಿ ಸಾಕ್ಷಿ ಹೇಳಲಿಕ್ಕೆ ಅಂತ ಇವರೆಲ್ಲ ತಿಳಿದಂತಿದೆ.

‘ಬ್ಯಾಂಕಾಕಾ?’ ಎಂದು ರಾಗ ಎಳೆದು ಕಣ್ಣು ಹೊಡೆಯುವ ಇನ್ನೊಂದು ಬಳಗ ಇದೆ. ಅವರಿಗೆ ಒಂದೇ ಮಾತು: ನನ್ನ ಜತೆ ಹೆಂಡತಿ, ಮಕ್ಕಳು, ಅತ್ತೆಯವರು ಇದ್ದರು. ಅತ್ತೆಯವರ ಬ್ಯಾಗಿನಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಈಗ ಹೊಡೀರಿ ಕಣ್ಣು.

ಏಪ್ರಿಲ್‌ನಲ್ಲೇ ಯಾಕೆ ಹೋದಿರಿ ಅಂತಲೂ ಕೇಳಬೇಡಿ. ಮಕ್ಕಳಿಗೆ ಸೂಟಿ ಬರುವುದು ಆವಾಗ. 2023ರ ನವೆಂಬರಿನಲ್ಲಿ ಥಾಯ್ಲೆಂಡಿನವರು ಭಾರತೀಯರಿಗೆ ವೀಸಾ ಬೇಡ ಅಂದ ಮೇಲೆ ಹೆಂಡತಿ ಪಾಸ್‌ಪೋರ್ಟು ಮಾಡಿಸಿಟ್ಟಿದ್ದಳು, ಹೈದರಾಬಾದಿನಿಂದ ನೇರ ವಿಮಾನ ಇತ್ತು, ಹೋದೆವು.

ಮದುವೆಯೊಂದರಲ್ಲಿ ನನಗೆ ಪೂರಾ ಸಾಕಾಯಿತು. ಮೇ ತಿಂಗಳು, ಅಕ್ಕಿಕಾಳು ಮುಗಿದು ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ದೂರದ ಸಂಬಂಧದ ಕಾಕಾ ಒಬ್ಬರು ನಾಲ್ಕು ಮಂದಿಯ ನಡುವೆ ಕರೆದು ಕೂಡಿಸಿಕೊಂಡರು.

‘ಬಾರೋ ಮಾಸ್ತರ. ಬ್ಯಾಂಕಾಕಿನ್ಯಾಗ ಎಷ್ಟಿತ್ತೋ ಬಿಸಲು?’

‘ಮೂವತ್ತಾರು ಇತ್ತು ಕಾಕಾ.’

‘ಮೂವತ್ತಾರು!’ ಕಾಕಾ ಸುತ್ತ ಒಮ್ಮೆ ನೋಡಿದರು. ‘ಮೂವತ್ತಾರಕ್ಕ ನಮ್ಮ ಕಡಿ ಚಾದರ ಹೊಚ್ಕೋತಾರಪಾ.’

ಮಂದಿ ನಕ್ಕರು. ನಾನು ಬಾಯಿ ತೆರೆಯುವಷ್ಟರಲ್ಲಿ ಹೋದ ವರ್ಷ ನಮ್ಮಲ್ಲಿ ಎಷ್ಟಾಗಿತ್ತು ಅನ್ನುವ ವಾದ ಹತ್ತಿಕೊಂಡಿತು. ಒಬ್ಬರು 44 ಅಂದರು. ಇನ್ನೊಬ್ಬರು 45ಕ್ಕೆ ಏರಿಸಿದರು. ಮೂರನೆಯವರು ತಮ್ಮ ಕಾರಿನ ಮೀಟರು ಖುದ್ದು 47 ತೋರಿಸಿದ್ದನ್ನು ಹೇಳಿ ಎಲ್ಲರ ಬಾಯಿ ಮುಚ್ಚಿಸಿದರು. ಮನೆಯಲ್ಲಿ ಮಗ ಮೊದಲ ನಂಬರು ಬಂದಿದ್ದರೂ ಇಷ್ಟು ಅಭಿಮಾನದಿಂದ ಹೇಳುತ್ತಿರಲಿಲ್ಲವೇನೋ. ನಾನು ನೋಡುತ್ತಿದ್ದದ್ದು ಬೇರೆ. ಇಷ್ಟೂ ಹೊತ್ತು ಕಾಕಾ ಕುಳಿತದ್ದು ಕೂಲರಿನ ಮುಂದೆ. ಮನೆಯ ಸಣ್ಣ ಕೂಲರಲ್ಲ, ಮದುವೆ ಮಂಟಪದವರು ಇಡುವ ಆಳೆತ್ತರದ್ದು. ಅದರ ಗಾಳಿಗೆ ಅವರ ಹೆಗಲ ಮೇಲಿನ ಟಾವೆಲ್ಲು ಹಾರಿ ಹಾರಿ ಮುಖಕ್ಕೆ ಬಡಿಯುತ್ತಿತ್ತು. ಅದನ್ನು ಮುಖದ ಮೇಲಿಂದ ಸರಿಸುತ್ತ ಸರಿಸುತ್ತಲೇ ಬಿಸಿಲಿನ ಬಡಾಯಿ ನಡೆದಿತ್ತು.

ಉತ್ತರ ಆ ಕೂಲರಿನಲ್ಲೇ ಇತ್ತು. ಅವತ್ತು ಊಟಕ್ಕೆ ಕರೆದರು ಅಂತ ಎದ್ದು ಹೋದೆ, ಈಗ ಹೇಳುತ್ತೇನೆ. ನಾನು ಪಿಯುಸಿ ಮಕ್ಕಳಿಗೆ ಫಿಸಿಕ್ಸ್ ಹೇಳುವವ, ಕೇಳದವರಿಗೆ ಹೇಳುವ ರೂಢಿ ಇದೆ.

ಕೂಲರ್ ಮಾಡುವುದು ಇಷ್ಟೇ: ಒದ್ದೆ ಹುಲ್ಲಿನ ಜಾಳಿಗೆಯೊಳಗಿಂದ ಒಣ ಗಾಳಿಯನ್ನು ಎಳೆಯುತ್ತದೆ. ನೀರು ಆವಿಯಾಗುವಾಗ ಗಾಳಿಯ ಶಾಖ ತೆಗೆದುಕೊಂಡು ಹೋಗುತ್ತದೆ. ನಮ್ಮ ಮೈಯೂ ತಣ್ಣಗಾಗುವುದು ಹೀಗೇ, ಬೆವರು ಆರಿಸಿಕೊಂಡು. ಕಲಬುರಗಿಯ ಬೇಸಿಗೆ ಗಾಳಿ ಎಷ್ಟು ಒಣದೆಂದರೆ ಬೆವರು ಕಾಣಿಸುವ ಮೊದಲೇ ಆರಿ ಹೋಗಿರುತ್ತದೆ. ಸಂಜೆ ಅಂಗಿ ಬಿಚ್ಚಿದರೆ ಬೆನ್ನ ಮೇಲೆ ಬಿಳಿ ಉಪ್ಪಿನ ಗೆರೆ. ಬ್ಯಾಂಕಾಕ್ ಇರುವುದು ಚಾವೊ ಫ್ರಾಯ ನದಿ ಸಮುದ್ರ ಸೇರುವ ಕಡೆಯ ಕೆಸರು ಬಯಲಿನಲ್ಲಿ, ಸಮುದ್ರಮಟ್ಟಕ್ಕಿಂತ ಒಂದೆರಡು ಮೀಟರ್ ಎತ್ತರ, ಅಷ್ಟೇ. ಅಲ್ಲಿಯ ಗಾಳಿಯಲ್ಲಿ ಮೊದಲೇ ನೀರು ತುಂಬಿರುತ್ತದೆ. ನಿಮ್ಮ ಬೆವರು ಹೋಗಲಿಕ್ಕೆ ಜಾಗ ಇಲ್ಲದೆ ಮೈಮೇಲೇ ಕೂಡುತ್ತದೆ.

ನಮ್ಮ ಲ್ಯಾಬಿನಲ್ಲಿ ಒಂದು ಹಲಗೆಗೆ ಎರಡು ಥರ್ಮಾಮೀಟರ್ ಬಿಗಿದಿದ್ದೇವೆ. ಒಂದರ ಬುಡಕ್ಕೆ ಒದ್ದೆ ಬಟ್ಟೆ. ಹೊರಗೆ 43 ಡಿಗ್ರಿ ಇದ್ದು ಗಾಳಿಯ ತೇವ ಶೇ 15 ಇದ್ದರೆ, ಅಂದರೆ ನಮ್ಮ ಮೇ ತಿಂಗಳ ಮಧ್ಯಾಹ್ನ, ಒದ್ದೆ ಬಟ್ಟೆಯದು ಸುಮಾರು 23 ತೋರಿಸುತ್ತದೆ. 35 ಡಿಗ್ರಿ, ಶೇ 65 ತೇವ ಇರುವ ಬ್ಯಾಂಕಾಕಿನಲ್ಲಿ ಅದೇ 29. ಬೆವರುವ ಮೈಗೆ ಲೆಕ್ಕಕ್ಕೆ ಬರುವುದು ಈ ಒದ್ದೆ ಬಟ್ಟೆಯ ಸಂಖ್ಯೆ. ಅದು 35 ಮುಟ್ಟಿತೆಂದರೆ ಗಟ್ಟಿಮುಟ್ಟಾದ ಮನುಷ್ಯನೂ ನೆರಳಲ್ಲಿ ಕುಳಿತು ನೀರು ಕುಡಿಯುತ್ತಿದ್ದರೂ ಬದುಕುವುದು ಕೆಲವೇ ತಾಸು. ಕಾಕಾರ ಕೂಲರನ್ನು ಬ್ಯಾಂಕಾಕಿಗೆ ಒಯ್ದಿಟ್ಟರೆ ಕೋಣೆಗೆ ಇನ್ನಷ್ಟು ತೇವ ತುಂಬುತ್ತದೆ, ತಂಪಾಗುವುದು ಅಷ್ಟಕ್ಕಷ್ಟೇ. ನಮ್ಮ ಬಿಸಿಲು ಸುಲಭ ಅಂತ ನಾನು ಹೇಳುತ್ತಿಲ್ಲ. ಬೆವರು ಕಾಣದ್ದರಿಂದಲೇ ಮೈಯ ನೀರು ಹೋದದ್ದು ಗೊತ್ತಾಗದೆ ಮಂದಿ ಕುಸಿದು ಬೀಳುತ್ತಾರೆ. ಎರಡೂ ಕೊಲ್ಲುತ್ತವೆ, ದಾರಿ ಬೇರೆ. ಯಾವುದು ದೊಡ್ಡದು ಅನ್ನುವ ಜಿದ್ದು ಯಾಕೆ?

ಇಷ್ಟಾದ ಮೇಲೂ ಕಾಕಾ ‘ಏನ ಅನ್ನು, ನಲವತ್ನಾಕು ಅಂದ್ರ ನಲವತ್ನಾಕೇ’ ಅಂತಾರೆ. ಬಿಡಿ.

ನನ್ನನ್ನು ಯಾರಾದರೂ ಕೇಳಲಿ ಅಂತ ಕಾದದ್ದು ಬೇರೆ. ಸುತ್ತಲಿನ ಊರು ಸೇರಿಸಿದರೆ ಕೋಟಿ ಮೀರಿದ ಜನ ಅಲ್ಲಿ. ಆ ಸೆಕೆಯಲ್ಲಿ ಅಷ್ಟು ಮಂದಿ ಓಡಾಡುವುದು ಹ್ಯಾಂಗ? ಮಧ್ಯಾಹ್ನ ಎರಡಕ್ಕೆ ಬೀದಿಯಲ್ಲಿ ದುಡಿಯುವವರು ಎಲ್ಲಿ ನಿಲ್ಲುತ್ತಾರೆ?

ಅರಮನೆ, ಪಚ್ಚೆ ಬುದ್ಧ ಎಲ್ಲ ನೋಡಿದೆವು, ಚೆನ್ನಾಗಿವೆ, ಫೋಟೊ ಇವೆ. ನನಗೆ ಹಿಡಿಸಿದ್ದು ಸೇನ್ ಸೇಪ್ ಕಾಲುವೆಯ ದೋಣಿ. 1837ರಲ್ಲಿ, ಮೂರನೆಯ ರಾಮ ಅನ್ನುವ ರಾಜನ ಕಾಲದಲ್ಲಿ, ವಿಯೆಟ್ನಾಮಿನವರ ಮೇಲಿನ ಯುದ್ಧಕ್ಕೆ ದಂಡು ಸಾಗಿಸಲಿಕ್ಕೆ ತೋಡತೊಡಗಿದ ಕಾಲುವೆ ಅದು. 1990ರಿಂದ ಅದರಲ್ಲಿ ದಿನಾ ಕೆಲಸಕ್ಕೆ ಹೋಗುವವರ ದೋಣಿಗಳು ಓಡುತ್ತವೆ. ಮೇಲೆ ರಸ್ತೆಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದರೆ, ಕೆಳಗೆ ಇವು ಊರ ಹಿತ್ತಲಿನೊಳಗೆ ಭರ್ ಅಂತ ಹೋಗಿರುತ್ತವೆ. ನಾವು ಹೋದಾಗ ಟಿಕೇಟು 20 ಬಾತ್, ಅಂದರೆ ಅಲ್ಲಿಯ ರೊಕ್ಕ, ಅದರ ಆಸುಪಾಸು ಇತ್ತು.

ದೋಣಿ ದಾರಿಯ ಒಂದು ತುದಿಯ ಕಟ್ಟೆಯಿಂದ ಹತ್ತಿದೆವು. ಅಲ್ಲಿ ದೋಣಿ ಪುರಸೊತ್ತಿನಿಂದ ನಿಲ್ಲುತ್ತದೆ. ನಡುವಿನ ಕಟ್ಟೆಗಳಲ್ಲಿ ನಿಂತಂತೆ ಮಾಡುತ್ತದೆ, ಅಷ್ಟರಲ್ಲೇ ಹತ್ತುವವರು ಹತ್ತಬೇಕು, ಇಳಿಯುವವರು ಜಿಗಿಯಬೇಕು. ಕಂಡಕ್ಟರುಗಳ ತಲೆಯ ಮೇಲೆ ಹೆಲ್ಮೆಟ್ಟು. ಅವರು ದೋಣಿಯ ಒಳಗೆ ಓಡಾಡುವುದಿಲ್ಲ. ಹೊರಗಿನ ಅಂಚಿನ ಮೇಲೆ, ಅಂಗೈ ಅಗಲದ ಜಾಗದಲ್ಲಿ, ಹಗ್ಗ ಹಿಡಿದುಕೊಂಡು ಟಿಕೇಟು ಹರಿಯುತ್ತ ಬರುತ್ತಾರೆ. ಸೇತುವೆ ಬಂದರೆ ತಲೆ ತಗ್ಗಿಸುತ್ತಾರೆ, ದೋಣಿಯ ಚಾವಣಿಯೂ ತಗ್ಗುತ್ತದೆ. ನೀರು ಕಪ್ಪು, ವಾಸನೆ ಬೇರೆ. ಎದುರಿನಿಂದ ಇನ್ನೊಂದು ದೋಣಿ ಬಂತೆಂದರೆ ಅಲೆ ಒಳಗೇ ನುಗ್ಗುತ್ತದೆ. ಅದಕ್ಕೆ ಬದಿಗೆ ಪ್ಲಾಸ್ಟಿಕ್ ಪರದೆ, ಎಳೆಯಲಿಕ್ಕೆ ಹಗ್ಗ. ನನ್ನ ಪಕ್ಕದ ಹೆಂಗಸು ಆಫೀಸಿನ ಉಡುಪಿನಲ್ಲಿದ್ದಳು. ಫೋನಿನಿಂದ ಕಣ್ಣು ತೆಗೆಯಲಿಲ್ಲ. ಎದುರು ದೋಣಿಯ ಸಪ್ಪಳ ಕೇಳುತ್ತಲೇ ಎಡಗೈಯಿಂದ ಹಗ್ಗ ಜಗ್ಗುವುದು, ಪರದೆ ಏರುವುದು, ಚಳಕ್ ಅಂತ ನೀರು ಅದಕ್ಕೆ ಬಡಿಯುವುದು, ಕೈ ಸಡಿಲಿಸುವುದು. ಬದಿಗೆ ಕುಳಿತವರು ಉಳಿದವರ ಸಲುವಾಗಿ ಮಾಡಬೇಕಾದ ಕೆಲಸ ಅದು. ಬೋರ್ಡು ಬರೆದು ಹಾಕಿರಲಿಲ್ಲ, ಎಲ್ಲರೂ ಮಾಡುತ್ತಿದ್ದರು.

ಇಳಿಯುವಾಗ ಅತ್ತೆಯವರು ಸೀರೆ ಎತ್ತಿ ಸಿಗಿಸಿ, ‘ಶರಣಬಸಪ್ಪಾ!’ ಎಂದು ಕೂಗಿ ಹಾರಿದರು. ಕಂಡಕ್ಟರು ರಟ್ಟೆ ಹಿಡಿದು ಕಟ್ಟೆಗೆ ನೂಕಿ ಆಗಲೇ ಮುಂದಕ್ಕೆ ಹೋಗಿದ್ದ. ಅತ್ತೆಯವರಿಗೆ ಇಡೀ ಪ್ರವಾಸದಲ್ಲಿ ಇಷ್ಟವಾದದ್ದು ಅದೊಂದೇ.

ನೆರಳಿನ ಮಾತು. ಸ್ಕೈಟ್ರೇನು ಅಂತ ಇದೆ, 1999ರ ಡಿಸೆಂಬರಿನಲ್ಲಿ ಶುರುವಾದದ್ದು, ರಸ್ತೆಯ ಮೇಲೆ ಕಂಬದ ಮೇಲೆ ಓಡುತ್ತದೆ. ಸಯಾಮ್ ಸ್ಟೇಷನ್ನಿನಿಂದ ಚಿತ್‌ಲೋಮ್ ಸ್ಟೇಷನ್ನಿನವರೆಗೆ ಅದರ ಹಳಿಯ ಕೆಳಗೇ, ರಸ್ತೆಗಿಂತ ಮೇಲೆ, ನಡೆಯುವವರಿಗೆ ದಾರಿ ಕಟ್ಟಿದ್ದಾರೆ. ನೆತ್ತಿಯ ಮೇಲಿನ ಹಳಿಯೇ ಚಪ್ಪರ. ಕೆಳಗಿನ ಓಣಿಗಳಲ್ಲಿ ಹಣ್ಣಿನ ಬಂಡಿ: ಗಾಜಿನ ಪೆಟ್ಟಿಗೆ, ಒಳಗೆ ಬರ್ಫ, ಬರ್ಫದ ಮೇಲೆ ಸಿಪ್ಪೆ ಹೆರೆದ ಅನಾನಸು, ಕಲ್ಲಂಗಡಿ, ಪೇರಲ, ಮಾವಿನಕಾಯಿ. ಬೆರಳು ತೋರಿಸಿದರೆ ಸಾಕು, ಮಾರುವಾಕೆ ಟಕಟಕ ಹೆಚ್ಚಿ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಚುಚ್ಚಿ ತಿನ್ನಲಿಕ್ಕೆ ಒಂದು ಕಡ್ಡಿ ಹಾಕುತ್ತಾಳೆ. ಜತೆಗೆ ಉಪ್ಪು, ಖಾರ, ಸಕ್ಕರೆ ಕಲಸಿದ ಪುಡಿಯ ಪುಟ್ಟ ಪೊಟ್ಟಣ. ಬಂಡಿಯ ಮೇಲೆ ದೊಡ್ಡ ಛತ್ರಿ. ಆಕೆ ನಿಲ್ಲುವುದು ಛತ್ರಿಯೊಳಗೆ, ಕೊಳ್ಳುವವ ಬಿಸಿಲಲ್ಲಿ. ಇದು ಸರಿಯಾದ ಏರ್ಪಾಡು ಅನ್ನಿಸಿತು.

(‘ಅಲ್ಲಿ ಹಾವು, ಹಲ್ಲಿ ತಿಂತಾರಂತಲ್ರಿ?’ ಅನ್ನುವವರಿಗೆ: ಊರ ನಡುವೆ ಲುಂಪಿನಿ ಪಾರ್ಕು ಇದೆ. ಅದರ ಕೆರೆಯ ದಂಡೆಯ ಮೇಲೆ ಮೊಸಳೆ ಮರಿಯಷ್ಟು ಉದ್ದದ ಉಡಗಳು ಆರಾಮ ಬಿದ್ದುಕೊಂಡಿರುತ್ತವೆ. ಯಾರೂ ಮುಟ್ಟುವುದಿಲ್ಲ. ನಾವು ರೊಟ್ಟಿ ತಿಂದೆವು, ಅವು ನಮ್ಮನ್ನು ನೋಡಿದವು.)

ಬಂದ ಮೇಲೆ ನಮ್ಮೂರನ್ನು ನೋಡಿದರೆ ಸಿಟ್ಟು ಬರುತ್ತದೆ. ಏಪ್ರಿಲ್, ಮೇ ಬಂದರೆ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30 ಅಂತ ವೇಳೆ ಬದಲಿಸುತ್ತಾರೆ. ಒಳ್ಳೆಯದೇ, ನಾನೂ ಅದರ ಸುಖ ಉಂಡವನೇ. ಆದರೆ ಒಂದೂವರೆಗೆ ಕಚೇರಿ ಬಾಗಿಲು ಹಾಕಿದ ಮೇಲೆ ಗಂಜ್ ಮಾರುಕಟ್ಟೆಯಲ್ಲಿ ಹಮಾಲರು ಮೂಟೆ ಇಳಿಸುತ್ತಿರುತ್ತಾರೆ, ಸೇಡಂ ರಸ್ತೆಯಲ್ಲಿ ಬಂಡಿಯವರು ತಲೆಗೆ ಒದ್ದೆ ಟಾವೆಲ್ಲು ಸುತ್ತಿಕೊಂಡು ನಿಂತಿರುತ್ತಾರೆ, ಡಾಂಬರು ಹಾಕುವವರು ಡಾಂಬರು ಹಾಕುತ್ತಿರುತ್ತಾರೆ. 44ರ ಬಡಾಯಿಯನ್ನು ಇವರ ಬಾಯಲ್ಲಿ ನಾನು ಒಮ್ಮೆಯೂ ಕೇಳಿಲ್ಲ. ಅದು ಕೂಲರಿನ ಮುಂದಿನ ಕುರ್ಚಿಯಿಂದಲೇ ಬರುತ್ತದೆ. ರಸ್ತೆ ಅಗಲ ಮಾಡುವಾಗ ಬೇವಿನ ಮರ ಕಡಿಯುವ ದಿನ ಅದೇ ಕುರ್ಚಿಯಿಂದ ಸದ್ದೂ ಬರುವುದಿಲ್ಲ.

ಸರಿಯಾಗಿ ಕೇಳಿದವ ಒಬ್ಬನೇ. ಸೂಪರ್ ಮಾರ್ಕೆಟಿನ ಕಡೆ ಕಬ್ಬಿನ ಹಾಲು ಮಾರುವ ಹುಡುಗ, ನನ್ನ ಹಳೆಯ ವಿದ್ಯಾರ್ಥಿ, ಫಿಸಿಕ್ಸಿನಲ್ಲಿ ಫೇಲು.

‘ಸರ, ಅಲ್ಲಿ ಬಂಡಿ ಎಲ್ಲಿ ನಿಂದರಸ್ತಾರ್ರಿ? ನೆಳ್ಳಿಗಿ ಜಾಗ ಕೊಡ್ತಾರೇನ್ರಿ?’

ನನಗೆ ಖುಷಿಯಾಗಿ ಎಲ್ಲ ಹೇಳಿದೆ. ಛತ್ರಿ, ಗಾಜಿನ ಪೆಟ್ಟಿಗೆ, ಸ್ಕೈಟ್ರೇನಿನ ಕೆಳಗಿನ ನೆರಳು. ಬರ್ಫ ಹ್ಯಾಂಗ ಬರ್ತದ ಅಂದ. ಗೋಣಿಚೀಲದಲ್ಲಿ ತುಂಡು ತುಂಡಾಗಿ ತಂದು ಹಾಕಿ ಹೋಗುತ್ತಾರೆ ಅಂದೆ. ಚೀಲ ತೂತು ಇರ್ತದೇನು, ನೀರು ಎಲ್ಲಿ ಹೋಗ್ತದ, ಪುಡಿಯಾಗ ಸಕ್ಕರಿ ಯಾಕ ಹಾಕ್ತಾರ ಅಂತ ಒಂದಾದ ಮೇಲೊಂದು ಕೇಳಿದ. ಕ್ಲಾಸಿನಲ್ಲಿ ಹೀಗೆ ಕೇಳಿದ್ದರೆ ಪಾಸಾಗುತ್ತಿದ್ದ. ಕೊನೆಗೆ ಇದ್ದದ್ದೂ ಹೇಳಬೇಕಲ್ಲ, ಹೇಳಿದೆ: 2014ರಲ್ಲಿ ಅಲ್ಲಿ ಮಿಲಿಟರಿ ಆಡಳಿತ ಬಂದ ಮೇಲೆ ಊರಾಡಳಿತದವರು ಫುಟ್‌ಪಾತ್ ಖಾಲಿ ಮಾಡಿಸುತ್ತೇವೆ ಅಂತ ಎಷ್ಟೋ ಬೀದಿಗಳಿಂದ ಬಂಡಿಯವರನ್ನು ಎಬ್ಬಿಸಿದರು.

‘ಅಲ್ಲೂ ಎಬ್ಬಸ್ತಾರ್ರಿ?’

‘ಎಬ್ಬಸ್ತಾರಪಾ.’

ಅವನು ಕಬ್ಬನ್ನು ಮಡಚಿ, ನಡುವೆ ನಿಂಬೆ, ಶುಂಠಿ ಇಟ್ಟು ಇನ್ನೊಮ್ಮೆ ಗಾಣಕ್ಕೆ ಕೊಟ್ಟ. ‘ಹಂಗಾದ್ರ ಹಣ್ಣಿನ ಬಂಡೀನೇ ಚೊಲೊ ಬಿಡ್ರಿ ಸರ,’ ಅಂದ. ‘ಕಾರ್ಪೊರೇಷನ್ ಗಾಡಿ ಬಂದ್ರ ಈ ಮಶೀನ ನೂಕ್ಕೊಂಡು ಓಡ್ಲಾಕ ಬರಂಗಿಲ್ಲ.’